ಸಿಂಬೆ ಹಾಗೂ ಐದನೇ ಗುರುತಿನ ಕುರಿತು

ಗೆ,
ಇದನ್ನು ಓದುವ ಎಲ್ಲರಿಗೂ.

ಮಾನ್ಯರೇ,

ವಿಷಯ: ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಒಂಬತ್ತು ವರ್ಷಗಳಿಂದ ‘ಅಕುಶಲ’ ಎಂದು ನಮೂದಾಗಿರುವ ನನ್ನ ಕೈಗಳ ಬಗ್ಗೆ.

ಉಲ್ಲೇಖ: ನನ್ನ ನೆನಪು. ಬೇರೆ ದಾಖಲೆ ನನ್ನ ವಶದಲ್ಲಿಲ್ಲ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮೊಟ್ಟಮೊದಲು ನನ್ನ ಕಾಗುಣಿತಕ್ಕೂ ಅಕ್ಷರಕ್ಕೂ ತಮ್ಮ ಕ್ಷಮೆ ಕೋರುತ್ತೇನೆ. ದಿನವಿಡೀ ಎಣ್ಣೆ ಬೆರೆಸಿದ ಮರಳನ್ನು ಒತ್ತುವ ಹೆಬ್ಬೆರಳು ಸಂಜೆ ಪೆನ್ನನ್ನು ಸರಿಯಾಗಿ ಹಿಡಿಯುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ನಾನು ಓದಿರುವುದೆಲ್ಲ ಕಾರ್ಖಾನೆಯ ಗೇಟಿಗೆ ಅಂಟಿಸುವ ನೋಟಿಸುಗಳು ಮಾತ್ರ. ಬರೆಯುವುದೆಂದರೆ ಹೀಗೆಯೇ ಎಂದು ಅವುಗಳಿಂದ ಕಲಿತೆ. ನೋಟಿಸಿನ ಭಾಷೆಯಲ್ಲಿ ಮನಸ್ಸಿನ ಮಾತು ಬರೆಯಬಹುದೇ ಇಲ್ಲವೇ ಎಂಬುದು ನನಗೆ ತಿಳಿಯದು. ಆದರೂ ಆ ಭಾಷೆಯಲ್ಲಿ ನನ್ನ ಮೇಲೆ ಸಾಕಷ್ಟು ಬರೆಯಲಾಗಿದೆ. ತಿರುಗಿ ಬರೆಯಲು ನನಗೂ ಅದೇ ಭಾಷೆ ಸಾಕು.

ನನ್ನ ವಾಸ ಭದ್ರಾವತಿಯ ನ್ಯೂ ಟೌನ್ ಅಂಚಿನಲ್ಲಿ, ಒಂದು ಹಳೆಯ ಕ್ವಾರ್ಟರ್ಸ್‌ನ ಹಿಂಭಾಗದ ಬಾಡಿಗೆ ಕೋಣೆಯಲ್ಲಿ. ಬೆಳಿಗ್ಗೆ ಶಿವಮೊಗ್ಗದ ಕಡೆ ಹೋಗುವ ಖಾಸಗಿ ಬಸ್ಸು ಹತ್ತಿ ಮಾಚೇನಹಳ್ಳಿಯಲ್ಲಿ ಇಳಿಯುತ್ತೇನೆ. ಕಂಡಕ್ಟರ್ ನನ್ನನ್ನು ಕೇಳದೆಯೇ ಟಿಕೆಟ್ ಹರಿಯುತ್ತಾನೆ. ನಾನು ಎಲ್ಲಿ ಇಳಿಯುವವಳು, ಏನು ಮಾಡುವವಳು ಎಂದು ಆ ಬಸ್ಸಿಗೆ ಗೊತ್ತಿದೆ. ಕಾರ್ಖಾನೆಯ ಕಚೇರಿಗೆ ಗೊತ್ತಿಲ್ಲ.

ನಾನು ಮಾಡುವ ಕೆಲಸವನ್ನು ಮೊದಲು ತಿಳಿಸತಕ್ಕದ್ದು. ಕಬ್ಬಿಣವನ್ನು ಕರಗಿಸಿ ಅಚ್ಚಿಗೆ ಹುಯ್ದರೆ ಗಟ್ಟಿ ವಸ್ತು ಸಿಗುತ್ತದೆ. ಒಳಗೆ ಪೊಳ್ಳಿರುವ ವಸ್ತು, ಅಂದರೆ ನೀರೆತ್ತುವ ಪಂಪಿನ ಬಾಗಿದ ಕೊಳವೆಯಂಥದ್ದು ಬೇಕಾದರೆ, ಆ ಪೊಳ್ಳಿನ ಆಕಾರವನ್ನು ಮೊದಲು ಮರಳಿನಲ್ಲಿ ಮಾಡಿ, ಬೇಯಿಸಿ, ಅಚ್ಚಿನೊಳಗೆ ಇಡಬೇಕು. ಅದಕ್ಕೆ ಕೋರ್ ಎನ್ನುತ್ತಾರೆ. ಕಬ್ಬಿಣ ತಣ್ಣಗಾದ ಮೇಲೆ ಕೋರನ್ನು ಕುಟ್ಟಿ ಪುಡಿ ಮಾಡಿ ಹೊರಗೆ ಚೆಲ್ಲುತ್ತಾರೆ. ಉಳಿಯುವುದು ನಾವು ಮಾಡಿದ ಖಾಲಿ ಜಾಗ. ಯಾರೂ ಅದನ್ನು ನೋಡಿ ‘ಎಷ್ಟು ಚೆನ್ನಾಗಿದೆ’ ಎನ್ನುವುದಿಲ್ಲ. ಅದು ಕೆಟ್ಟರೆ ಮಾತ್ರ ಎಲ್ಲರಿಗೂ ಕಾಣುತ್ತದೆ.

ಕೋರ್ ಶಾಪಿನಲ್ಲಿ ನಾವು ಎಂಟು ಜನ ಹೆಂಗಸರು ಒಂದೇ ಉದ್ದನೆಯ ಮೇಜಿನ ಮುಂದೆ ನಿಲ್ಲುತ್ತೇವೆ. ಎಂಟೂ ಜನ ಗುತ್ತಿಗೆಯವರು. ಎಂಟೂ ಜನರ ಕಾರ್ಡಿನಲ್ಲಿ ‘ಹೆಲ್ಪರ್, ಅಕುಶಲ’ ಎಂದಿದೆ. ಯಾರಿಗೆ ಹೆಲ್ಪರ್ ಎಂದು ಕಾರ್ಡಿನಲ್ಲಿ ಬರೆದಿಲ್ಲ. ಆ ಮೇಜಿನ ಮುಂದೆ ನಮ್ಮನ್ನು ಬಿಟ್ಟರೆ ಬೇರೆ ಯಾರೂ ನಿಲ್ಲುವುದಿಲ್ಲ.

ಈ ಕೆಲಸವನ್ನು ನಮಗೆ ಯಾವ ಸಂಸ್ಥೆಯೂ ಕಲಿಸಿಲ್ಲ. ಹೊಸಬಳು ಬಂದರೆ ಹಿರಿಯಕ್ಕನ ಪಕ್ಕದಲ್ಲಿ ನಿಲ್ಲಿಸುತ್ತೇವೆ. ಹಿರಿಯಕ್ಕ ಎಂದರೆ ನಮ್ಮಲ್ಲೆಲ್ಲ ಹಳಬಳು. ಮನೆಯಲ್ಲಿ ತಮಿಳು, ಮೇಜಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅವಳು ಮರಳನ್ನು ಮುಷ್ಟಿಯಲ್ಲಿ ಹಿಡಿದು, ಬಿಟ್ಟು, ಮುರಿದು ತೋರಿಸುತ್ತಾಳೆ. ಮುರಿದ ಅಂಚು ಚೂಪಾಗಿದ್ದರೆ ಮರಳು ಸರಿಯಿದೆ. ಉದುರಿದರೆ ಎಣ್ಣೆ ಸಾಲದು. ಅಂಟಿದರೆ ಹೆಚ್ಚಾಯಿತು. ಆರು ತಿಂಗಳಿಗೆ ಕೈ ಕೂಡುತ್ತದೆ. ಒಂದೆರಡು ವರ್ಷ ಕಳೆದ ಮೇಲೆ ಇನ್ನೊಂದು ವಿದ್ಯೆ ತಾನಾಗಿ ಬರುತ್ತದೆ. ಬೆಂದ ಕೋರಿನ ಮೇಲೆ ಬೆರಳಾಡಿಸಿದರೆ ಅದು ಯಾರ ಕೈಯದೆಂದು ಗೊತ್ತಾಗುತ್ತದೆ. ಒಬ್ಬಳು ಹೆಬ್ಬೆರಳನ್ನು ಎಡಕ್ಕೆ ಎಳೆದು ಒತ್ತುತ್ತಾಳೆ, ಇನ್ನೊಬ್ಬಳು ಕೊನೆಗೊಮ್ಮೆ ಅಂಗೈಯಿಂದ ತಟ್ಟುತ್ತಾಳೆ. ನಾನು ಕಣ್ಣು ಮುಚ್ಚಿ ಎಂಟು ಕೈಗಳನ್ನೂ ಹೇಳಬಲ್ಲೆ. ದಯವಿಟ್ಟು ಈ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗಿ ವಿನಂತಿ.

ನಮ್ಮ ಮೇಜಿನಲ್ಲಿ ಒಂದು ಪದ್ಧತಿ ಇತ್ತು. ಒಲೆಗೆ ಹೋಗುವ ಪ್ರತಿ ತಟ್ಟೆಯ ಅಂಚಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ನಾನು ಸೇರುವ ಮೊದಲು ಒಬ್ಬೊಬ್ಬರಿಗೆ ಒಂದೊಂದು ಗುರುತಿತ್ತಂತೆ. ಒಂದು ಸಲ ಕೋರುಗಳು ಬಿರುಕು ಬಿಟ್ಟು, ತಟ್ಟೆಯ ಗುರುತು ನೋಡಿ ಒಬ್ಬಳನ್ನು ಅಂದೇ ಮನೆಗೆ ಕಳುಹಿಸಿದರು. ಆಮೇಲೆ ನೋಡಿದರೆ ಬಂದಿದ್ದ ಎಣ್ಣೆಯೇ ಕೆಟ್ಟದ್ದು. ಅವಳನ್ನು ಯಾರೂ ವಾಪಸು ಕರೆಯಲಿಲ್ಲ. ಮಾರನೆಯ ದಿನದಿಂದ ಹಿರಿಯಕ್ಕ ಎಲ್ಲರ ತಟ್ಟೆಗೂ ಒಂದೇ ಗುರುತು ಹಾಕಿಸಿದಳು, ಒಂದು ಅರ್ಧಚಂದ್ರ. ಕೋರು ಕೆಟ್ಟರೆ ಎಂಟೂ ಜನರನ್ನು ಕಳುಹಿಸಬೇಕು. ಎಂಟೂ ಜನರನ್ನು ಕಳುಹಿಸಿದರೆ ಅಚ್ಚಿಗೆ ಕೋರಿಲ್ಲದೆ ಕರಗಿದ ಕಬ್ಬಿಣ ಹಾಗೆಯೇ ನಿಂತುಬಿಡುತ್ತದೆ. ಹೀಗಾಗಿ ಯಾರನ್ನೂ ಕಳುಹಿಸಲಿಲ್ಲ. ತಪ್ಪಿಗೆ ಹೆಸರು ಸಿಗಬಾರದೆಂದು ನಾವೇ ಹಾಕಿಕೊಂಡ ಬೇಲಿ ಅದು. ಒಳ್ಳೆಯದಕ್ಕೂ ಅದೇ ಬೇಲಿ ಅಡ್ಡ ಬರುವುದೆಂದು ಆಗ ನಮಗೆ ಹೊಳೆಯಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪಂಪಿನ ಬಾಗಿದ ಕೊಳವೆಯ ಕೋರು ತಟ್ಟೆಯ ಮೇಲೆ ನೆಟ್ಟಗೆ ಕೂರುವುದಿಲ್ಲ. ಹಸಿಯಾಗಿರುವಾಗ ಅದರ ಹೊಟ್ಟೆ ಜಗ್ಗುತ್ತದೆ. ಒಲೆಯಲ್ಲಿ ಹಾಗೆಯೇ ಗಟ್ಟಿಯಾಗುತ್ತದೆ. ಅದರ ಸುತ್ತ ಕಬ್ಬಿಣ ಹುಯ್ದರೆ ಕೊಳವೆಯ ಒಂದು ಬದಿ ತೆಳ್ಳಗೆ, ಇನ್ನೊಂದು ಬದಿ ದಪ್ಪಗೆ. ರಾಶಿ ರಾಶಿ ಕೊಳವೆಗಳು ತಿರುಗಿ ಕರಗುವ ಗುಡ್ಡೆಗೆ ಹೋಗುತ್ತಿದ್ದವು. ಸೂಪರ್‌ವೈಸರ್ ಮರಳಿನ ಎಣ್ಣೆ ಹೆಚ್ಚಿಸಿದರು. ಒಳಗೆ ತಂತಿ ಹಾಕಿಸಿದರು. ಕೊನೆಗೆ ನಮ್ಮನ್ನು ಬೈದರು. ಮೂರರಿಂದಲೂ ಹೊಟ್ಟೆ ಜಗ್ಗುವುದು ನಿಲ್ಲಲಿಲ್ಲ.

ತಳ ಗುಂಡಗಿರುವ ಗಡಿಗೆಯನ್ನು ನೆಲದ ಮೇಲೆ ಹೇಗೆ ಕೂರಿಸುತ್ತಾರೆಂದು ನಮ್ಮ ಕಡೆಯ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಬಟ್ಟೆಯನ್ನೋ ಹುಲ್ಲನ್ನೋ ಬಳೆಯಂತೆ ಸುತ್ತಿ ಸಿಂಬೆ ಮಾಡಿ ಅದರ ಮೇಲೆ ಇಡುತ್ತಾರೆ. ನಮ್ಮ ಶಾಪಿನಲ್ಲಿ ಒಲೆಯ ಬಾಗಿಲಿನಿಂದ ಬಿಚ್ಚಿ ಎಸೆದ ದಪ್ಪ ಹಗ್ಗ ಬಿದ್ದಿತ್ತು. ಬಿಸಿ ಹೊರಗೆ ಬಾರದಂತೆ ಬಾಗಿಲಿನ ಅಂಚಿಗೆ ಕೂರಿಸುವ, ಬೆಂಕಿಗೆ ಸುಡದ ಹಗ್ಗ. ಊಟದ ವೇಳೆಯಲ್ಲಿ ನಾನು ಅದನ್ನು ಕತ್ತರಿಸಿ ಸಿಂಬೆ ಸುತ್ತಿದೆ. ಹಸಿ ಕೋರು ಅಂಟಬಾರದೆಂದು ಮೇಲೆ ಒಣ ಮರಳು ಉದುರಿಸಿದೆ. ಕೋರಿನ ಹೊಟ್ಟೆಯನ್ನು ಅದರಲ್ಲಿ ಕೂರಿಸಿದೆ.

“ಏನೇ ಇದು, ಮಗುವಿಗೆ ತೊಟ್ಟಿಲಾ?” ಎಂದಳು ಹಿರಿಯಕ್ಕ.

“ಸಿಂಬೆ ಅಕ್ಕ.”

“ಒಲೆಗೆ ಸಿಂಬೆ ಹಾಕೋದನ್ನ ನಮ್ಮಪ್ಪನ ಕಾಲದಿಂದ ನೋಡಿಲ್ಲ ಮಾರಾಯ್ತಿ. ಸುಟ್ಟು ಹೋದ್ರೆ ನಿನ್ನ ತಲೆ ಮೇಲೇ ಇಡ್ತೀನಿ.”

ಸುಡಲಿಲ್ಲ. ಹೊಟ್ಟೆಯೂ ಜಗ್ಗಲಿಲ್ಲ. ಹಿರಿಯಕ್ಕ ಬೆಂದ ಕೋರನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹೊಗಳುವುದು ಅವಳ ಜಾತಕದಲ್ಲಿಲ್ಲ. “ಉಳಿದ ಹಗ್ಗ ಎಲ್ಲಿದೆ, ತಾ” ಎಂದಳು ಅಷ್ಟೆ. ಒಂದು ವಾರದಲ್ಲಿ ಎಂಟೂ ಜನ ಸಿಂಬೆ ಸುತ್ತಿದರು. ಗುಡ್ಡೆಗೆ ಹೋಗುವ ಕೊಳವೆಗಳು ಬೆರಳಿನಲ್ಲಿ ಎಣಿಸುವಷ್ಟಕ್ಕೆ ಇಳಿದವು.

ಕಾರ್ಖಾನೆಯಲ್ಲಿ ಸಲಹಾ ಪೆಟ್ಟಿಗೆ ಎಂಬುದೊಂದು ಇದೆ. ನಾನು ನಮೂನೆ ತುಂಬಿದೆ. ‘ಸಲಹೆ ನೀಡಿದವರ ಹೆಸರು’ ಎಂಬಲ್ಲಿ ‘ಕೋರ್ ಶಾಪಿನ ಹೆಂಗಸರು’ ಎಂದು ಬರೆದೆ. ನನ್ನ ಹೆಸರು ಬರೆಯಬೇಕೆಂದು ನನಗೆ ತೋಚಲೇ ಇಲ್ಲ. ಮೇಜಿನ ಯಾವ ವಸ್ತುವಿನ ಮೇಲೂ ನಾವು ಒಬ್ಬರ ಗುರುತು ಹಾಕುತ್ತಿರಲಿಲ್ಲವಲ್ಲ. ವಾರ್ಷಿಕ ಸಮಾರಂಭದಲ್ಲಿ ವಿಭಾಗದ ಪರವಾಗಿ ಸೂಪರ್‌ವೈಸರ್ ವೇದಿಕೆ ಹತ್ತಿ ಪ್ರಶಸ್ತಿ ಪತ್ರ ಪಡೆದರು. ನಮಗೆ ಒಂದೊಂದು ಸ್ಟೀಲ್ ಡಬ್ಬಿ ಕೊಟ್ಟರು. ಮುಚ್ಚಳ ಸರಿಯಾಗಿ ಕೂರುವುದಿಲ್ಲ. ನಾನು ಅದರಲ್ಲಿ ಉಪ್ಪು ಇಟ್ಟಿದ್ದೇನೆ.

ಇದಾದ ಮೇಲೆ ಒಂದು ದಿನ ಸಿಬ್ಬಂದಿ ವಿಭಾಗದ ಅಧಿಕಾರಿ ನನ್ನನ್ನು ಕರೆಸಿ, “ನೋಡಮ್ಮ, ಶಿವಮೊಗ್ಗದಲ್ಲಿ ಒಂದು ಕಾಲೇಜಲ್ಲಿ ಸೆಮಿನಾರ್ ಇದೆ. ನಿನ್ನನ್ನ ಕರ್ಕೊಂಡು ಹೋಗ್ತೀನಿ. ಒಳ್ಳೆ ಸೀರೆ ಉಟ್ಕೊಂಡು ಬಾ. ಆ ರಿಂಗ್ ಒಂದು ತಗೊಂಡು ಬಾ” ಎಂದರು. ಅವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಆದರೂ ನಾನು ‘ನೀನು’, ಅವರು ‘ಸಾರ್’.

ಕಾಲೇಜಿನ ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲಿ ಮಡಿಲಲ್ಲಿ ಸಿಂಬೆ ಇಟ್ಟುಕೊಂಡು ಕುಳಿತೆ. ಉಪನ್ಯಾಸಕರು ಚೆನ್ನಾಗಿಯೇ ಮಾತನಾಡಿದರು. ಅದನ್ನು ನಾನು ನಿರಾಕರಿಸುವುದಿಲ್ಲ. ಬೆಳೆಯುತ್ತಿರುವ ದೇಶಕ್ಕೆ ಯಂತ್ರ, ಜಮೀನು, ಹಣ ಇದ್ದರೆ ಸಾಲದು. ಜನರ ವಿದ್ಯೆ, ಆರೋಗ್ಯ, ಕೌಶಲ ಇವೇ ಅದರ ಮಾನವ ಬಂಡವಾಳ. ಅದೇ ಕಚ್ಚಾ ಮಾಲಿನಿಂದ, ಅಷ್ಟೇ ಹೊತ್ತಿನಲ್ಲಿ ಹೆಚ್ಚು ಫಲ ತೆಗೆಯುವ ಹೊಸ ವಿಧಾನವೇ ನಾವೀನ್ಯ. ಇವೆರಡೂ ಕೂಡಿದರೆ ದೇಶದ ಆದಾಯ ಏರುತ್ತದೆ. ಹೀಗೆ ಹೇಳಿ ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಕೋರು ಹಿಡಿದ ಎರಡು ಕೈಗಳು, ಮೊಣಕೈವರೆಗೆ ಮಾತ್ರ. ಬಳೆ ನೋಡಿ ನನ್ನವೆಂದು ಗೊತ್ತಾಯಿತು. ಯಾವಾಗ ತೆಗೆದರೋ ಅರಿಯೆ. “ಔಪಚಾರಿಕ ಶಿಕ್ಷಣವಿಲ್ಲದ ಒಬ್ಬ ಅಕುಶಲ ಮಹಿಳೆ” ಎಂದರು. ಸಭೆ ಚಪ್ಪಾಳೆ ತಟ್ಟಿತು.

ದೇಶದ ಬಗ್ಗೆ ಅವರು ಹೇಳಿದ್ದೆಲ್ಲ ನಿಜ. ಅದೇ ಮರಳು, ಅದೇ ಎಣ್ಣೆ, ಅದೇ ಒಲೆ, ಹೆಚ್ಚು ಕೊಳವೆ. ಆದರೆ ಕೌಶಲ ಬೇಕೆಂದು ಒಂದು ಗಂಟೆ ಹೇಳಿದ ಬಾಯಿಯೇ ನನ್ನನ್ನು ಅಕುಶಲ ಎಂದಿತು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ನಾನು ಎದ್ದು ನಿಂತೆ. ಸಿಂಬೆ ಕೆಳಗೆ ಬಿತ್ತು.

“ಸಾರ್, ಬಂಡವಾಳ ಅಂದ್ರೆ ಯಾರಾದ್ರೂ ಒಬ್ರ ಹೆಸರಲ್ಲಿ ಇರುತ್ತಲ್ಲ. ನಾನು ಯಾರ ಹೆಸರಲ್ಲಿದ್ದೀನಿ?”

ವಿದ್ಯಾರ್ಥಿಗಳು ನಕ್ಕರು. ಉಪನ್ಯಾಸಕರು “ಬಹಳ ಒಳ್ಳೆಯ ಪ್ರಶ್ನೆ” ಎಂದು, ಹಿಂದಿನ ಸಾಲಿನಲ್ಲಿ ಕೈ ಎತ್ತಿದ್ದವರ ಕಡೆ ತಿರುಗಿದರು. ಒಳ್ಳೆಯ ಪ್ರಶ್ನೆಗೆ ಉತ್ತರ ಕೊಡುವ ರೂಢಿ ಅಲ್ಲಿಲ್ಲವೆಂದು ಕಾಣುತ್ತದೆ.

ವಾಪಸು ಬರುವಾಗ ಕಾರಿನಲ್ಲಿ ಅಧಿಕಾರಿಗೆ ನೇರವಾಗಿ ಹೇಳಿದೆ: “ಸಾರ್, ನನ್ನ ಕಾರ್ಡಲ್ಲಿ ಕುಶಲ ಅಂತ ಬರೆಸಿ.” ನನಗೆ ಬೇಕಾಗಿದ್ದದ್ದು ಅದೊಂದೇ. ‘ಅ’ ಎಂಬ ಆ ಒಂದು ಅಕ್ಷರ ಹೋದರೆ ಸಂಬಳ ಏರುತ್ತದೆ, ನಿಜ. ಅದಕ್ಕಿಂತ ದೊಡ್ಡದು, ಈ ಗೇಟಿನಿಂದ ನಾನು ಹೊರಗೆ ಬಂದರೆ ನನ್ನ ಒಂಬತ್ತು ವರ್ಷ ನನ್ನ ಜೊತೆಗೆ ಬರುತ್ತದೆ. ಇಲ್ಲದಿದ್ದರೆ ಅದು ಒಳಗೇ ಉಳಿಯುತ್ತದೆ. ಪಕ್ಕದ ಫೌಂಡ್ರಿಗೆ ಹೋದರೂ ನಾನು ಮತ್ತೆ ಹೊಸ ಹೆಲ್ಪರ್. ನಾವು ಕಲಿಸಿದ ಎಷ್ಟು ಜನ ಹೀಗೆಯೇ ಬೇಸತ್ತು ಗಾರ್ಮೆಂಟ್ಸ್‌ಗೆ ಹೋಗಿ ಗುಂಡಿ ಹೊಲಿಯುತ್ತಿದ್ದಾರೆ. ಅವರ ಬೆರಳಿನಲ್ಲಿದ್ದ ಮರಳಿನ ವಿದ್ಯೆ ಯಾವ ದೇಶದ ಲೆಕ್ಕಕ್ಕೂ ಸೇರಲಿಲ್ಲ.

ಅಧಿಕಾರಿ, “ಐಟಿಐ ಸರ್ಟಿಫಿಕೇಟ್ ಇಲ್ಲ. ನಮೂನೆಯಲ್ಲೂ ನಿನ್ನ ಹೆಸರಿಲ್ಲ. ನೀನೇ ಮಾಡಿದ್ದು ಅಂತ ನಾನು ಹೇಗೆ ನಂಬಲಿ?” ಎಂದರು. ಒಂದು ಗಂಟೆ ಮೊದಲು ಅವರ ಎದುರಿಗೇ ಉಪನ್ಯಾಸಕರು ನನ್ನ ಕೈಗಳನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸಿದ್ದರು. “ಒಂದು ಕೆಲಸ ಮಾಡೋಣ. ಒಂದು ತಿಂಗಳು ಎಂಟೂ ಜನ ಅವರವರ ನಂಬರ್ ಹಾಕಿ. ನಿನ್ನದು ಚೆನ್ನಾಗಿದ್ರೆ ನಿನಗೆ ಬರೆದುಕೊಡ್ತೀನಿ.”

ಮಾರನೆಯ ದಿನ ಮೇಜಿನಲ್ಲಿ ಈ ಮಾತು ಹೇಳಿದೆ. ಅರ್ಧಚಂದ್ರ ಅಳಿಸಬೇಕೆಂಬುದು ಎಲ್ಲರಿಗೂ ಅರ್ಥವಾಗಿತ್ತು. ಹಿರಿಯಕ್ಕನಿಗೆ ಇತ್ತೀಚೆಗೆ ಕಣ್ಣು ಮಂಜು. ಅವಳ ಕೋರುಗಳ ಅಂಚು ಮೊದಲಿನಂತಿರಲಿಲ್ಲ, ಅರ್ಧಚಂದ್ರದ ಮರೆಯಲ್ಲಿ ಅದು ಸಾಗುತ್ತಿತ್ತು. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಕೇಳಿದೆ. ಇದನ್ನು ಮುಚ್ಚಿಡುವುದಿಲ್ಲ.

“ಹಾಕೋಣ” ಎಂದಳು ಹಿರಿಯಕ್ಕನೇ. “ಒಬ್ಬಳಾದ್ರೂ ಈ ಮೇಜು ದಾಟ್ಲಿ. ನಿನಗೆ ಯಾವ ನಂಬರೇ?”

“ಐದು.”

“ಐದು. ಎಲ್ಲಾ ಕೇಳಿಸ್ಕೊಂಡ್ರಲ್ಲ? ಐದು.”

ಆಗ ಅವಳು ಎರಡು ಸಲ ಏಕೆ ಹೇಳಿದಳೆಂದು ನಾನು ಯೋಚಿಸಲಿಲ್ಲ.

ಆ ತಿಂಗಳು ನಾನು ಮೂತ್ರಕ್ಕೆ ಹೋಗುವುದನ್ನೂ ಕಡಿಮೆ ಮಾಡಿ ಕೆಲಸ ಮಾಡಿದೆ. ತಟ್ಟೆ ತುಂಬಿದ ಕೂಡಲೇ ಐದು ಎಂದು ಬರೆದು ಒಲೆಗೆ ತಳ್ಳುತ್ತಿದ್ದೆ, ಹಿಂತಿರುಗಿ ನೋಡುತ್ತಿರಲಿಲ್ಲ. ಬೆಂದ ಮೇಲೆ ತಟ್ಟೆಗಳು ಬೇರೆ ಶೆಡ್ಡಿಗೆ ಹೋಗುತ್ತವೆ. ಎಣಿಕೆ, ತಪಾಸಣೆ ಎಲ್ಲ ಅಲ್ಲಿ.

ತಿಂಗಳ ಕೊನೆಗೆ ನನಗೆ ಬಂದದ್ದು ಕಾರ್ಡಲ್ಲ, ಕಾರಣ ಕೇಳುವ ನೋಟಿಸ್. ಅಧಿಕಾರಿ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ಒಬ್ಬ ಹೆಂಗಸು ಒಂದು ಪಾಳಿಯಲ್ಲಿ ಅರವತ್ತು ಕೋರು ಮಾಡಿದರೆ ಹೆಚ್ಚು. ಐದನೇ ಗುರುತಿನಲ್ಲಿ ದಿನಕ್ಕೆ ಇನ್ನೂರರ ಮೇಲೆ. ಒಂದಾದರೂ ಕೆಟ್ಟದ್ದಿಲ್ಲ. ಉಳಿದ ಏಳು ಗುರುತುಗಳಲ್ಲಿ ಸ್ವಲ್ಪ ಸ್ವಲ್ಪ, ಅದರಲ್ಲೂ ಕೆಟ್ಟದ್ದೇ ಹೆಚ್ಚು.

“ನಿನಗೆಷ್ಟು ಕೈಯಮ್ಮ?” ಎಂದರು ಅವರು. “ಇದು ಮೋಸ. ಒಂದೋ ನೀನು ಬೇರೆಯವರ ತಟ್ಟೆಗೆ ನಿನ್ನ ನಂಬರ್ ಹಾಕಿದ್ದೀಯ. ಇಲ್ಲಾ ಅವರೇ ಹಾಕಿದ್ದಾರೆ. ಅವರೇ ಹಾಕಿದ್ದು ಅಂತ ಬರೆದುಕೊಡು, ಯಾವ ತಟ್ಟೆ ಯಾರದು ಅಂತ ಗುರುತಿಸಿ ಕೊಡು. ಅವರ ಮೇಲೆ ಕ್ರಮ ಆಗುತ್ತೆ, ನಿನ್ನ ಕೋರಿಕೆ ಉಳಿಯುತ್ತೆ.” ನೋಟಿಸಿಗೆ ಉತ್ತರ ನೀಡಲು ಒಂದು ದಿನದ ಅವಕಾಶ ಕೊಟ್ಟರು. ಮೂಲೆಯಲ್ಲಿ ಸಾಕ್ಷಿಗೆಂದು ಐದನೇ ಗುರುತಿನ ಹತ್ತು ಕೋರುಗಳನ್ನು ಜೋಡಿಸಿಟ್ಟಿದ್ದರು. ನಾನು ನಿಂತಲ್ಲಿಂದಲೇ ನೋಡಿದೆ. ಮೂರು ನನ್ನವು. ಉಳಿದವು ಯಾರ್ಯಾರದೆಂದು ಮುಟ್ಟದೆಯೂ ತಿಳಿಯಿತು. ಒಂದು ಹಿರಿಯಕ್ಕನದು. ಮಂಜುಗಣ್ಣಿನಲ್ಲಿ ಅವಳಿಗೆ ಅಷ್ಟು ಚೆನ್ನಾಗಿ ಬಂದ ಕೋರುಗಳು ಆ ತಿಂಗಳು ಎಷ್ಟಿದ್ದವೋ, ಅವನ್ನೆಲ್ಲ ನನಗೇ ಬರೆದಿದ್ದಳು.

ಶಾಪಿಗೆ ಬಂದು ಏಳೂ ಜನರ ಮೇಲೆ ಹರಿಹಾಯ್ದೆ.

“ಯಾರು ಹೇಳಿದ್ರು ನಿಮಗೆ? ಯಾರು ಕೇಳಿದ್ರು? ನನ್ನ ಕೈ ಸಾಲದು ಅಂತ ಅನ್ಕೊಂಡ್ರಾ?”

“ಒಳ್ಳೇದನ್ನೆಲ್ಲ ನಿನಗೆ ಹಾಕಿದ್ವಿ ಕಣೇ” ಎಂದಳು ಒಬ್ಬಳು, ಅಳುವ ದನಿಯಲ್ಲಿ. “ಕೆಟ್ಟದ್ದನ್ನ ನಾವಿಟ್ಕೊಂಡ್ವಿ.”

“ಎಲ್ಲರೂ ಹಾಕಿದ್ರೆ ಲೆಕ್ಕ ಏನಾಗುತ್ತೆ ಅಂತ ಒಬ್ಬರಿಗೂ ಬುದ್ಧಿ ಇಲ್ವಾ?”

“ಉಳಿದವರು ಒಂದೋ ಎರಡೋ ಹಾಕ್ತಾರೆ, ಒಳ್ಳೇದನ್ನೆಲ್ಲ ಹಾಕ್ತಿರೋದು ತಾವೊಬ್ಬರೇ ಅಂತ ಒಬ್ಬೊಬ್ಬರೂ ಅನ್ಕೊಂಡಿದ್ರು” ಎಂದಳು ಹಿರಿಯಕ್ಕ. “ನಾನೂ ಹಾಗೇ ಅನ್ಕೊಂಡಿದ್ದೆ. ಬೈ, ಇನ್ನೂ ಬೈ. ಆಮೇಲೆ ಮರಳು ಒಣಗುತ್ತೆ, ಕೆಲಸ ಮಾಡು.”

ಅಂದು ನಾನು ಅವರನ್ನು ದ್ವೇಷಿಸಿದೆ. ಸಿಹಿ ಮಾತಿನಿಂದ ಮುಚ್ಚುವ ಇಚ್ಛೆ ನನಗಿಲ್ಲ. ಒಂಬತ್ತು ವರ್ಷಗಳಲ್ಲಿ ಒಂದೇ ಸಲ ತೆರೆದ ಬಾಗಿಲನ್ನು ಅವರ ಪ್ರೀತಿ ಮುಚ್ಚಿತ್ತು. ಆದರೆ ಬಸ್ಸಿನಲ್ಲಿ ಕುಳಿತು ಯೋಚಿಸುವಾಗ ಇನ್ನೊಂದು ಹೊಳೆಯಿತು. ಆ ರಿಜಿಸ್ಟರಿನಲ್ಲಿ ದಿನಕ್ಕೆ ಇನ್ನೂರು ಒಳ್ಳೆಯ ಕೋರುಗಳ ಲೆಕ್ಕವಿತ್ತು. ಅವು ಎಲ್ಲಿಂದಲೋ ಬಂದಿರಲೇಬೇಕು. ಅಷ್ಟು ಕುಶಲ ಕೆಲಸವನ್ನು ಕಣ್ಣೆದುರು ಇಟ್ಟುಕೊಂಡೂ ಅಧಿಕಾರಿಗೆ ಅದರಲ್ಲಿ ಕಂಡದ್ದು ಮೋಸ ಮಾತ್ರ. ಎಂಟು ಅಕುಶಲರು ಅಷ್ಟು ಚೆನ್ನಾಗಿ ಮಾಡಿದ್ದು ಹೇಗೆಂದು ಅವರು ಕೇಳಲೇ ಇಲ್ಲ.

ಮನೆಯಲ್ಲಿ ಕುಳಿತು ನೋಟಿಸಿಗೆ ಉತ್ತರ ಬರೆದೆ. ಆ ನಮೂನೆ ತುಂಬಿದ್ದನ್ನು ಬಿಟ್ಟರೆ ನನ್ನ ಜೀವನದ ಮೊದಲ ಬರಹ ಅದು, ಇದು ಎರಡನೆಯದು. ಅದರಲ್ಲಿ ಇದ್ದದ್ದು ನಾಲ್ಕೇ ಸಾಲು. ‘ತಮ್ಮ ನೋಟಿಸ್ ತಲುಪಿದೆ. ಗುರುತು ಹಾಕುವಾಗ ಗೊಂದಲವಾಗಿರಬಹುದು. ಸದರಿ ಕೋರುಗಳಲ್ಲಿ ಯಾವುದು ಯಾರ ಕೈಯದೆಂದು ಗುರುತಿಸುವ ತಿಳಿವಳಿಕೆ ನನಗಿಲ್ಲ. ಆದ್ದರಿಂದ ನನ್ನ ಕೋರಿಕೆಯನ್ನು ಹಿಂಪಡೆಯುತ್ತೇನೆ.’ ಕೆಳಗೆ ಸಹಿ ಮಾಡಿದೆ. ಒಂಬತ್ತು ವರ್ಷ ಕಚೇರಿಯವರು ಬರೆದಿದ್ದನ್ನು ಹತ್ತನೆಯ ವರ್ಷಕ್ಕೆ ನನ್ನ ಕೈಯಿಂದಲೇ ಬರೆದುಕೊಟ್ಟೆ.

ಅಧಿಕಾರಿ ಓದಿ, “ಮತ್ತೆ ಕುಶಲ ಅಂತ ಹೇಗಮ್ಮ ಕೇಳಿದೆ?” ಎಂದು ನಕ್ಕು ಫೈಲಿಗೆ ಹಾಕಿದರು. ಯಾರನ್ನೂ ಮನೆಗೆ ಕಳುಹಿಸಲಿಲ್ಲ. ಸಂಜೆ ಹಿರಿಯಕ್ಕ ಒದ್ದೆ ಬಟ್ಟೆಯಿಂದ ನಂಬರುಗಳನ್ನೆಲ್ಲ ಒರೆಸಿ, ಒಂದೊಂದು ತಟ್ಟೆಗೂ ಅರ್ಧಚಂದ್ರ ಬರೆದಳು. ಕಣ್ಣು ಕಾಣದೆ ಎರಡನ್ನು ತಲೆಕೆಳಗಾಗಿ ಬರೆದಳು. ನಾನು ತಿದ್ದಲಿಲ್ಲ.

ಪಂಪಿನ ಕೊಳವೆಯ ಕೋರುಗಳು ಈಗಲೂ ನಮ್ಮ ಸಿಂಬೆಯ ಮೇಲೆಯೇ ಬೇಯುತ್ತಿವೆ. ಕೊಳವೆಗಳು ಊರೂರಿಗೆ ಹೋಗಿ ನೀರೆತ್ತುತ್ತವೆ. ಅದರಿಂದ ದೇಶ ಬೆಳೆಯುತ್ತಿದ್ದರೆ ಬೆಳೆಯಲಿ. ನಮ್ಮನ್ನು ಕೇಳಿ ಬೆಳೆಯಬೇಕಾಗಿಲ್ಲ ಎಂದು ಅದಕ್ಕೆ ಯಾರೋ ಹೇಳಿಕೊಟ್ಟಿದ್ದಾರೆ.

ಕೊನೆಯದಾಗಿ, ಈ ಬರಹದಲ್ಲಿ ಒತ್ತು, ದೀರ್ಘ, ವಾಕ್ಯ ಯಾವುದು ತಪ್ಪಾಗಿದ್ದರೂ ಬಲ್ಲವರು ತಿದ್ದಿಕೊಂಡು ಓದಬೇಕಾಗಿ ಕೋರುತ್ತೇನೆ. ಕೆಂಪು ಶಾಯಿಯಲ್ಲಿ ತಿದ್ದಿದರೂ ಬೇಸರವಿಲ್ಲ. ಕಚೇರಿಯ ಫೈಲಿನಲ್ಲಿರುವ ಆ ನಾಲ್ಕು ಸಾಲು ಯಾರಿಗಾದರೂ ಸಿಕ್ಕರೆ, ಅದರಲ್ಲೂ ತಪ್ಪುಗಳಿರಬಹುದು, ತಿದ್ದಿ. ಮೂರನೆಯ ಸಾಲು ಸುಳ್ಳು. ಅದನ್ನು ಮಾತ್ರ ಹಾಗೆಯೇ ಬಿಡಿ.

ಇಂತಿ ತಮ್ಮ ವಿಶ್ವಾಸಿ,
ಕೋರ್ ಶಾಪಿನ ಹೆಂಗಸರಲ್ಲಿ ಒಬ್ಬಳು.